ಹಲಗೆಯಾಚೆಯ ದೇವರು

ಅತ್ತೆ ಏಳುವ ಮುಂಚೆ ಸ್ಟೂಲಿಗೆ ಮೊಳೆ ಹೊಡೆಯುವುದೆಂದರೆ ಮಲಗಿದ ಹುಲಿಯ ಮೀಸೆ ಕತ್ತರಿಸಿದ ಹಾಗೆ. ಕಾಜಾ ಸುತ್ತಿಗೆಯ ತಲೆಗೆ ತನ್ನ ಹಳೆಯ ಕಾಲುಚೀಲ ತೊಡಿಸಿದ್ದ. ಸ್ಟೂಲನ್ನು ತಲೆಕೆಳಗು ಮಾಡಿ ತೊಡೆಗಳ ನಡುವೆ ಸಿಕ್ಕಿಸಿಕೊಂಡು, ಉಸಿರು ಬಿಗಿಹಿಡಿದು, ಒಂದೊಂದೇ ಏಟು ಹಾಕುತ್ತಿದ್ದ. ಒಂದು ಏಟು ಮೊಳೆಯನ್ನು ಬಿಟ್ಟು ಎಡಗೈ ಹೆಬ್ಬೆರಳ ಮೇಲೆ ಬಿತ್ತು. ಬಾಯಿ ಬಾಗಿಲಿನಷ್ಟು ತೆರೆಯಿತು. ಸದ್ದು ಮಾತ್ರ ಬರಲಿಲ್ಲ. ಬೆರಳನ್ನು ಬಾಯಿಗಿಟ್ಟುಕೊಂಡು ಸ್ಟೂಲಿನ ಸುತ್ತ ಒಂದು ಸುತ್ತು ಕುಣಿದು, ಕಣ್ಣೊರೆಸಿಕೊಂಡು, ಉಳಿದ ಮೊಳೆಯನ್ನೂ ಹೊಡೆದು, ಸ್ಟೂಲನ್ನು ಇದ್ದ ಜಾಗದಲ್ಲೇ ಇಟ್ಟು ಬಂದು ಮಲಗಿದ.

ಕಾಜಾ ಎಂದು ಅವನಿಗೆ ಹೆಸರು ಬಿದ್ದದ್ದು ಟೈಲರ್ ಅಂಗಡಿಯಲ್ಲಿ. ಮೀಸೆ ಮೂಡಿದಾಗಿನಿಂದ ಅಲ್ಲಿ ಕೂತು ಬೇರೆಯವರ ಅಂಗಿಗೆ ಕಾಜಾ ಹಾಕಿ ಗುಂಡಿ ಹೊಲಿಯುವುದೇ ಅವನ ಕೆಲಸ. ಒಂದು ಅಂಗಿಯನ್ನೂ ಪೂರ್ತಿ ಹೊಲಿದವನಲ್ಲ. ಬಾಡಿಗೆ ಮನೆ ಕೈತಪ್ಪಿದಾಗ ಹೆಂಡತಿಯನ್ನು ಕರೆದುಕೊಂಡು ಅತ್ತೆಯ ಮನೆಗೆ ಬಂದ. ಇದ್ದ ಒಂದೇ ದೊಡ್ಡ ಕೋಣೆಯ ನಡುವೆ ಹಲಗೆಯ ಗೋಡೆ ಎದ್ದಿತು. ಆಚೆ ಅತ್ತೆ ಮತ್ತು ಅಡುಗೆಯ ಕಟ್ಟೆ, ಈಚೆ ಮಗಳು ಮತ್ತು ಅಳಿಯ. ಆ ಹಲಗೆ ಎಷ್ಟು ತೆಳುವೆಂದರೆ, ಆಚೆ ಅತ್ತೆ ಆಕಳಿಸಿದರೆ ಈಚೆ ಕಾಜಾನ ಬಾಯಿ ತೆರೆಯುತ್ತಿತ್ತು.

ಬಂದ ಹೊಸದರಲ್ಲಿ ಅತ್ತೆ, "ಈ ಸ್ಟೂಲಿನ ಕಾಲು ಅಲ್ಲಾಡ್ತಿದೆ, ಸ್ವಲ್ಪ ನೋಡಪ್ಪಾ" ಎಂದಿದ್ದರು. ಅಂಗಡಿಯಲ್ಲಿ ಬೈಸಿಕೊಂಡು ಬಂದಿದ್ದ ಕಾಜಾ, ಅಕ್ಕಪಕ್ಕದ ಮನೆಯವರ ಎದುರಿಗೇ, "ನಾನು ಈ ಮನೆಗೆ ಅಳಿಯನಾಗಿ ಬಂದಿರೋದು, ಆಳಾಗಿ ಅಲ್ಲ" ಎಂದುಬಿಟ್ಟ.

ಅತ್ತೆ "ಸರಿ" ಎಂದರು. ಆ 'ಸರಿ'ಗೆ ಈಗ ಎರಡನೇ ವರ್ಷ ನಡೆಯುತ್ತಿತ್ತು.

ಅಂದಿನಿಂದ ಅವರು ಅವನೊಂದಿಗೆ ಮಾತಾಡಿರಲಿಲ್ಲ. ಊಟಕ್ಕೆ ಕೂತಾಗ ಅವನು ಮೊಳದ ದೂರದಲ್ಲೇ ಇದ್ದರೂ ಮಗಳ ಕಡೆ ತಿರುಗಿ, "ನಿನ್ನ ಗಂಡನಿಗೆ ಇನ್ನೊಂದು ಸೌಟು ಬೇಕಾ ಕೇಳು" ಎನ್ನುತ್ತಿದ್ದರು. ಸದಾ ಪಕ್ಕದ ಮನೆಯ ಕಿಟಕಿಯಲ್ಲೇ ಬದುಕುತ್ತಿದ್ದ ಕಿಟಕಿ ಅಕ್ಕ ಅದನ್ನು ನೋಡಿ, "ಅಳಿಯ ಅಲ್ಲ ಮಗಳ ಗಂಡ ಅಂತಾರಲ್ಲ, ಅದು ಈ ಮನೇಲಿ ನಿಜ ಆಯ್ತು ನೋಡಿ" ಎಂದು ಬೀದಿಗೆಲ್ಲ ಹಂಚಿದ್ದಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಅಳಿಯನಿಗೆ ಯಾವ ಕಾಲ ಎಂದು ಗಾದೆ ಕಟ್ಟಿದವರು ಹೇಳಿಹೋಗಿಲ್ಲ.

ದಿನಾ ಸಂಜೆ ಅತ್ತೆ ಹಲಗೆಗೆ ಮುಖ ಮಾಡಿ ಕೂತು, ಕಣ್ಣುಮುಚ್ಚಿ, ದೇವರ ಹತ್ತಿರ ಗಟ್ಟಿಯಾಗಿ ಮಾತಾಡುತ್ತಿದ್ದರು. ಒಂದು ಸಂಜೆ, "ದೇವರೇ, ಈ ನಲ್ಲಿ ತೊಟ್ಟಿಕ್ಕಿ ತೊಟ್ಟಿಕ್ಕಿ ನನ್ನ ನಿದ್ದೆ ಹಾಳಾಯ್ತು" ಎಂದದ್ದು ಕಾಜಾನಿಗೆ ಕೇಳಿಸಿತು. ಅವತ್ತು ತಾನು ಆಡಿದ ಮಾತು ಅವನನ್ನು ಒಳಗೊಳಗೇ ಕೊರೆಯುತ್ತಿತ್ತು. ಮರುದಿನ ನಸುಕಿನಲ್ಲೇ ಎದ್ದು ನಲ್ಲಿಗೆ ಹೊಸ ವಾಷರ್ ಹಾಕಿದ. ಆಮೇಲೆ ಶೆಲ್ಫು, ಚಿಲಕ, ಕಿಟಕಿಯ ಗಾಜು. ಅತ್ತೆ ಕೇಳುತ್ತಿದ್ದರು, ದೇವರು ಮಾಡುತ್ತಿದ್ದ, ಕಾಜಾನ ಬೆರಳು ಜಜ್ಜಿಹೋಗುತ್ತಿತ್ತು.

"ನಾನೇ ಮಾಡಿದ್ದು ಅಂತ ಹೇಳಿಬಿಡಿ" ಎಂದಳು ಹೆಂಡತಿ.

"ನಾನೇ ಹೇಳಿದ್ರೆ ಏನು ಬೆಲೆ ಇದೆ? ಒಂದಿನ ತಾನಾಗೇ ಗೊತ್ತಾಗಬೇಕು ಅವರಿಗೆ. 'ಇದೆಲ್ಲ ನೀನೇನಪ್ಪಾ ಮಾಡಿದ್ದು' ಅನ್ನಬೇಕು. ಅಷ್ಟು ಸಾಕು ನಂಗೆ."

ನಿನ್ನೆ ಸಂಜೆ ಅತ್ತೆ ಕೇಳಿಕೊಂಡದ್ದು ಸ್ಟೂಲನ್ನು. ಆ ಸ್ಟೂಲನ್ನೇ! ಜಗಳ ಹುಟ್ಟಿದ ಜಾಗಕ್ಕೇ ಅತ್ತೆ ಮರಳಿ ಬಂದಿದ್ದಾರೆ ಎಂದರೆ ಸಿಟ್ಟು ಇಳಿದಿದೆ, ಇವತ್ತು ಮಾತು ಬಿದ್ದೇ ಬೀಳುತ್ತದೆ ಎಂದು ಕಾಜಾನಿಗೆ ಖಾತ್ರಿಯಾಗಿತ್ತು. ಅವನ ವಾರದ ರಜೆಯೂ ಇವತ್ತೇ. ಹೆಂಡತಿಗೆ ಮಾತ್ರ ಲಾಂಡ್ರಿಯಲ್ಲಿ ಇಸ್ತ್ರಿಯ ಕೆಲಸವಿತ್ತು. "ನಾನು ಬರೋದು ತಡ ಆಗುತ್ತೆ. ಇಬ್ಬರೂ ಇದ್ದೀರಿ, ಏನಾದ್ರೂ ಮಾತಾಡ್ಕೊಳ್ಳಿ" ಎಂದು ಅವಳು ಹೊರಟುಹೋದಳು.

ಹಲಗೆಯಾಚೆ ಅತ್ತೆ ಸ್ಟೂಲಿನ ಮೇಲೆ ಕೂತರು. ಎಡಕ್ಕೆ ವಾಲಿದರು, ಬಲಕ್ಕೆ ವಾಲಿದರು. ಸ್ಟೂಲು ಗುಂಡುಕಲ್ಲಿನ ಹಾಗೆ ನಿಂತಿತ್ತು. ಈಚೆ ಕಾಜಾ ಕಿವಿಯನ್ನು ಹಲಗೆಗೆ ಅಂಟಿಸಿ ಹಲ್ಲಿಯಂತೆ ನಿಂತಿದ್ದ.

"ಏನೇ ಕಿಟಕಿ!" ಅತ್ತೆ ಕೂಗಿದರು. "ಸ್ಟೂಲು ಸರಿಯಾಯ್ತು ಕಣೇ! ನಿನ್ನೆ ಕೇಳ್ಕೊಂಡೆ, ಇವತ್ತು ಆಗಿದೆ."

ಕಿಟಕಿ ಅಕ್ಕ ಕಿಟಕಿಯನ್ನು ಬಿಟ್ಟು ಓಡಿಬಂದಳು. ಸದ್ದು ಕೇಳಿ ಮೂಲೆ ಮನೆಯ ನಿವೃತ್ತ ಕಂಡಕ್ಟರ್ ಮಾವನೂ ಬಂದರು. ಇಬ್ಬರೂ ಸರದಿಯಲ್ಲಿ ಸ್ಟೂಲಿನ ಮೇಲೆ ಕೂತು ಅಲ್ಲಾಡಿ ನೋಡಿದರು.

"ದೊಡ್ಡಮ್ಮಾ, ನಿಮ್ಮ ಮಾತನ್ನ ದೇವರು ಕೇಳ್ತಾನೆ" ಎಂದಳು ಕಿಟಕಿ ಅಕ್ಕ. "ನಂದೂ ಒಂದು ಹೇಳಿ. ತಾರಸಿ ಮೇಲಿನ ನೀರಿನ ಟ್ಯಾಂಕಿನ ಮುಚ್ಚಳ ಗಾಳಿಗೆ ಹಾರಿಹೋಗಿದೆ. ಪಾರಿವಾಳ ಸ್ನಾನ ಮಾಡಿದ ನೀರಲ್ಲೇ ನಮ್ಮ ಸ್ನಾನ."

"ನನ್ನ ಕೋಣೆ ಬಾಗಿಲು ನೆಲಕ್ಕೆ ಉಜ್ಜುತ್ತೆ ಅಕ್ಕಾವ್ರೇ" ಎಂದರು ಕಂಡಕ್ಟರ್ ಮಾವ. "ಬಾಗಿಲು ಕಿರ್ ಅಂದ್ರೆ ಸಾಕು, ಸೊಸೆ ಕುರ್ ಅಂತಾಳೆ."

ಹಲಗೆಯ ಈಚೆ ಕಾಜಾ ಊದಿದ ಹೆಬ್ಬೆರಳನ್ನು ನೋಡಿಕೊಂಡ. ಅತ್ತೆ ಹಲಗೆಗೆ ಇನ್ನಷ್ಟು ಹತ್ತಿರ ಸರಿದು ಕೂತ ಸದ್ದು ಕೇಳಿಸಿತು.

"ದೇವರೇ, ಇವರ ಬಾಗಿಲನ್ನ ಒಂದು ಎಳೆಯಷ್ಟು ಕೊಯ್ದರೆ ಸಾಕು. ಜಾಸ್ತಿ ಕೊಯ್ಯಬೇಡ, ಇಲಿ ನುಗ್ಗುತ್ತೆ. ಗರಗಸ ಮಂಚದ ಕೆಳಗಿನ ಡಬ್ಬದಲ್ಲಿದೆ. ಊಟ ಆದ್ಮೇಲೆ ಇವರು ಮಲಗ್ತಾರೆ, ಸೊಸೆನೂ ಇರಲ್ಲ, ಆಗ ಬಂದ್ರೆ ಅನುಕೂಲ. ಟ್ಯಾಂಕಿಗೆ ಏಣಿ ಹಿತ್ತಲಲ್ಲಿದೆ."

ಕಾಜಾನಿಗೆ ಅಯ್ಯೋ ಪಾಪ ಎನಿಸಿತು. ದೇವರಿಗೇ ಗರಗಸದ ಜಾಗ ಹೇಳಿಕೊಡುವಷ್ಟು ಮುಗ್ಧೆ! ಇಂಥವರನ್ನು ಅವತ್ತು ಹಾಗೆ ಅಂದೆನಲ್ಲ ಎಂದುಕೊಂಡ. ಈಗ ದೇವರು ಕೈಕೊಟ್ಟರೆ ಬೀದಿಯ ಎದುರು ಅತ್ತೆಯ ಮಾನ ಹೋಗುತ್ತದೆ, ಸ್ಟೂಲಿನಿಂದ ಕರಗಿದ ಮನಸ್ಸು ಮತ್ತೆ ಹೆಪ್ಪುಗಟ್ಟುತ್ತದೆ. ಬಗ್ಗಿ ಮಂಚದ ಕೆಳಗಿನ ಡಬ್ಬ ಎಳೆದುಕೊಂಡ.

ಮಧ್ಯಾಹ್ನ ಅತ್ತೆ ಅವನ ಮುಂದೆ ತಟ್ಟೆಯಿಟ್ಟು, ಗೋಡೆ ಗಡಿಯಾರದ ಕಡೆ ನೋಡಿ, "ಊಟ ಆರುತ್ತೆ" ಎಂದರು. ಕಾಜಾ ಊದಿದ ಹೆಬ್ಬೆರಳನ್ನು ತಟ್ಟೆಯ ಪಕ್ಕದಲ್ಲಿ, ಎದ್ದು ಕಾಣುವ ಹಾಗೆ, ಅಂಗಡಿಯ ಗಾಜಿನಲ್ಲಿಟ್ಟ ಸರಕಿನಂತೆ ಇಟ್ಟುಕೊಂಡ. ಅತ್ತೆ ಅದನ್ನು ನೋಡಿದರು. ತುಟಿ ಅಲುಗಿತು. ಕಾಜಾ ತುತ್ತನ್ನು ಗಾಳಿಯಲ್ಲೇ ಹಿಡಿದು ಕಾದ. ಅತ್ತೆ ಮತ್ತೆ ಗಡಿಯಾರಕ್ಕೆ, "ನೀರು ಆ ಹೂಜಿಯಲ್ಲಿದೆ" ಎಂದು ಹೇಳಿ ಎದ್ದುಹೋದರು. ಅವನು ಒಬ್ಬನೇ ಕೂತು, ತಣ್ಣಗಾದದ್ದನ್ನು ತಿಂದು, ತಟ್ಟೆ ತೊಳೆದಿಟ್ಟ.

ಅತ್ತೆ ಹೇಳಿದಂತೆಯೇ ಕಂಡಕ್ಟರ್ ಮಾವ ಮಲಗಿದ್ದರು. ಕಾಜಾ ಸ್ಕ್ರೂ ಬಿಚ್ಚಿ ಬಾಗಿಲನ್ನು ಕಳಚಿ, ಹೊಸ್ತಿಲಾಚೆ ಅಡ್ಡ ಮಲಗಿಸಿ, ಕೊಯ್ಯಲು ಶುರುಮಾಡಿದ. ಗರಗಸವೂ ಗೊರಕೆಯೂ ಒಂದೇ ಶ್ರುತಿಯಲ್ಲಿದ್ದದ್ದರಿಂದ ಬಹಳ ಹೊತ್ತು ಯಾವ ತೊಂದರೆಯೂ ಆಗಲಿಲ್ಲ. ಗೊರಕೆ ಯಾವಾಗ ನಿಂತಿತೋ, ಇದ್ದಕ್ಕಿದ್ದಂತೆ ಗರಗಸದ ಸದ್ದೊಂದೇ ಕೇಳಿಸಿತು. ಕಾಜಾ ಗಾಬರಿಯಾಗಿ ಬಾಗಿಲನ್ನೆತ್ತಿ ಚೌಕಟ್ಟಿಗೆ ಆನಿಸಿ ಅದರ ಹಿಂದೆ ನಿಂತ. ಒಳಗಿನಿಂದ ನೋಡುವವರಿಗೆ ಬಾಗಿಲೊಂದು ಕೀಲಿಲ್ಲದೆ ತನ್ನಷ್ಟಕ್ಕೆ ನಿಂತಿತ್ತು. ಎರಡು ಅಂಚಿನಲ್ಲೂ ಬೆರಳುಗಳಿದ್ದವು. ಅದರಲ್ಲೊಂದು ಬದನೆಕಾಯಿಯ ಬಣ್ಣದ್ದು.

ಕಂಡಕ್ಟರ್ ಮಾವ ಮಗ್ಗುಲಾಗಿ ಗೋಡೆಯ ಕಡೆ ತಿರುಗಿದರು. "ನಾನೇನೂ ನೋಡ್ಲಿಲ್ಲ ಸ್ವಾಮಿ. ನೀವು ಮುಗಿಸ್ಕೊಳ್ಳಿ. ಹಾಗೇ ಚಿಲಕಕ್ಕೊಂದು ತೊಟ್ಟು ಎಣ್ಣೆ ಬಿಟ್ರೆ ಪುಣ್ಯ ಬರುತ್ತೆ."

ಗಡಿಬಿಡಿಯಲ್ಲಿ ಕೊಯ್ದದ್ದರಿಂದ ಎಳೆಯಷ್ಟು ಹೋಗಬೇಕಾದದ್ದು ಬೆರಳಷ್ಟು ಹೋಯಿತು. ಬಾಗಿಲೀಗ ಕಿರ್ ಎನ್ನಲಿಲ್ಲ. ಇಲಿಯಲ್ಲ, ಬೆಕ್ಕೂ ಬಗ್ಗದೆ ಬರಬಹುದಿತ್ತು.

ಅಲ್ಲಿಂದ ಕಿಟಕಿ ಅಕ್ಕನ ತಾರಸಿಗೆ ಏಣಿ ಹತ್ತಿದ. ಪಾರಿವಾಳಗಳನ್ನು ಓಡಿಸಿ, ಮೂಲೆಯಲ್ಲಿ ಬಿದ್ದಿದ್ದ ಮುಚ್ಚಳ ತಂದು, ತಂತಿ ಸುತ್ತಿ ಬಿಗಿದ. ಆಗ ಕೆಳಗೆ ಕಿಟಕಿ ಅಕ್ಕನ ಗಂಟಲು ಕೇಳಿಸಿತು: "ಯಾರಪ್ಪಾ ಏಣಿ ಹೀಗೆ ಬಿಟ್ಟಿರೋದು? ಕಳ್ಳರು ಹತ್ತಲಿ ಅಂತಾನಾ?" ಏಣಿ ದರದರ ಎಳೆದುಕೊಂಡು ಹೋದ ಸದ್ದೂ ಕೇಳಿಸಿತು.

ಕೂಗೋಣವೆಂದು ಕಾಜಾ ಬಾಯಿ ತೆರೆದ. ಮುಚ್ಚಿಕೊಂಡ. "ಅಕ್ಕಾ, ಏಣಿ ಇಡಿ" ಎಂದು ಯಾವ ದೇವರೂ ಕೇಳಿದ್ದಿಲ್ಲ. ಟ್ಯಾಂಕಿನ ನೆರಳಿನಲ್ಲಿ ಕೂತ. ಬಿಸಿಲು ತಿರುಗಿದಂತೆ ಅವನೂ ಸುತ್ತ ಸರಿದ. ಕೆಳಗೆ ಒಂದೊಂದೇ ಮನೆಯಲ್ಲಿ ಪಾತ್ರೆಗಳ ಸದ್ದು, ಯಾರೋ ಯಾರನ್ನೋ ಒಳಗೆ ಕರೆಯುವ ಸದ್ದು. ಅವನನ್ನು ಯಾರೂ ಹುಡುಕಲಿಲ್ಲ. ಓಡಿಸಿದ ಪಾರಿವಾಳಗಳು ಮಾತ್ರ ವಾಪಸು ಬಂದು, ಮುಚ್ಚಳದ ಮೇಲೆ ಸಾಲಾಗಿ ಕೂತು ಅವನನ್ನು ನೋಡಿದವು.

ಬೆಳಕು ಮಂಕಾದ ಮೇಲೆ ನೀರಿನ ಪೈಪು ಹಿಡಿದು ಇಳಿಯತೊಡಗಿದ. ಅರ್ಧ ದಾರಿಯವರೆಗೆ ಪೈಪೂ ಅವನೂ ಹೊಂದಿಕೊಂಡಿದ್ದರು. ಆಮೇಲೆ ಪೈಪು ಒಂದು ಕಡೆ, ಅವನು ಒಂದು ಕಡೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿದ್ದ ಸೊಂಟದಲ್ಲಿ ಏನೋ ಕಟ್ಟೆಂದಿತು. ಆಗಲೂ ಅವನು ಕೂಗಲಿಲ್ಲ. ಕಿಟಕಿ ಅಕ್ಕನ ಒದ್ದೆ ಹೊದಿಕೆಯೊಂದು ಹೆಗಲಿಗೆ ಸುತ್ತಿಕೊಂಡಿದ್ದನ್ನೂ ನೋಡದೆ, ಹಿತ್ತಲಲ್ಲಿ ನಾಲ್ಕು ಕಾಲಲ್ಲಿ ತೆವಳಿ, ಹಿಂಬಾಗಿಲಿಂದ ನುಗ್ಗಿ ಮಂಚದ ಮೇಲೆ ಬೋರಲಾದ.

ಹಲಗೆಯಾಚೆ ಕಾಫಿ ಲೋಟಗಳ ಸದ್ದು. ಮೂವರೂ ಸೇರಿದ್ದರು. ಸ್ಟೂಲು ಎಳೆದ ಸದ್ದಾಯಿತು. ಸಂಜೆಯ ಪ್ರಾರ್ಥನೆ ಶುರುವಾಯಿತು.

"ದೇವರೇ, ಇವತ್ತು ನಿನಗೆ ತುಂಬಾ ಶ್ರಮ ಆಯ್ತು."

ನೋವಿನಲ್ಲೂ ಕಾಜಾ ನಕ್ಕ. ಕಣ್ಣು ತುಂಬಿ ಬಂತು.

"ಬಾಗಿಲು ಜಾಸ್ತಿ ಕೊಯ್ದುಬಿಟ್ಟಿದ್ದೀಯ. ನಾಳೆ ಒಂದು ಪಟ್ಟಿ ಬಡಿದುಬಿಡು. ಏಣಿ ತೆಗೆದಳು ಅಂತ ಕಿಟಕಿ ಮೇಲೆ ಸಿಟ್ಟಾಗಬೇಡ. ಅವಳಿಗೆ ಗೊತ್ತಿರಲಿಲ್ಲ, ಈಗ ಹೇಳಿದ್ದೀನಿ. ನೀನು ಬೀಳುವಾಗ ಮುರಿದ ಪೈಪಿಗೆ ಅವಸರ ಇಲ್ಲ, ಸೊಂಟ ಸರಿಹೋಗಲಿ. ಅವಳ ಹೊದಿಕೆ ಎಲ್ಲಿ ಹಾಕಿದೀಯೋ, ವಾಪಸ್ ಕೊಡು. ಬೆಳಿಗ್ಗೆ ಜಜ್ಜಿಕೊಂಡ ಹೆಬ್ಬೆರಳಿಗೂ ಸೊಂಟಕ್ಕೂ ಒಂದೇ ಮುಲಾಮು ಆಗುತ್ತೆ. ಎರಡನೇ ಶೆಲ್ಫಲ್ಲಿದೆ, ಸಕ್ಕರೆ ಡಬ್ಬದ ಹಿಂದೆ."

ಕಾಜಾನ ನಗು ಮುಖದ ಮೇಲೇ ಒಣಗಿತು. ಹೆಗಲ ಮೇಲಿನ ಹೊದಿಕೆಯಿಂದ ನೀರು ತೊಟ್ಟಿಕ್ಕಿ ನೆಲಕ್ಕೆ ಬೀಳುತ್ತಿತ್ತು.

"ಅಲ್ಲ ದೊಡ್ಡಮ್ಮಾ," ಕಿಟಕಿ ಅಕ್ಕ ಪಿಸುಗುಟ್ಟಿದಳು, "ಯಾವಾಗಿಂದ ಗೊತ್ತು ನಿಮಗೆ?"

"ನಲ್ಲಿ ರಿಪೇರಿ ಆದ ದಿನದಿಂದ. ಮನೇಲಿರೋರು ಮೂರು ಜನ ಕಣೇ."

"ಪಾಪ ಅಕ್ಕಾವ್ರೇ," ಕಂಡಕ್ಟರ್ ಮಾವನ ದನಿ ಮೆತ್ತಗಾಗಿತ್ತು, "ಇಷ್ಟೆಲ್ಲ ಮಾಡ್ತಾನೆ. ಒಂದು ಮಾತಾಡಿಸಿಬಿಡಿ."

ಅತ್ತೆ ಲೋಟ ಕೆಳಗಿಟ್ಟ ಸದ್ದಾಯಿತು.

"ನಂಗೂ ಅನಿಸುತ್ತೆ" ಎಂದರು ಅತ್ತೆ. "ಮಧ್ಯಾಹ್ನ ಆ ಬೆರಳು ನೋಡಿ ಬಾಯಿಗೇ ಬಂದಿತ್ತು. ತಡ್ಕೊಂಡೆ. ಮಾತಾಡಿಸಿದ್ರೆ ಅವನು ಅಳಿಯ ಆಗ್ತಾನೆ. ಅಳಿಯನಿಗೆ ಸ್ಟೂಲು ನೋಡಪ್ಪಾ ಅಂದದ್ದಕ್ಕೆ ಏನಂದ, ನೀವೇ ಕೇಳಿದ್ರಲ್ಲ. ದೇವರು ಒಂದು ದಿನವೂ ನನಗೆ ಹಾಗಂದಿಲ್ಲ. ಅಳಿಯನಿಗೋಸ್ಕರ ದೇವರನ್ನ ಕಳ್ಕೊಳ್ಳಲಾ?"



ಕಾಜಾ ಏಳಲು ನೋಡಿದ. ಸೊಂಟ ಒಪ್ಪಲಿಲ್ಲ. ಎರಡನೇ ಶೆಲ್ಫು ಹಲಗೆಯ ಆಚೆಗಿತ್ತು. ಅದನ್ನು ಗೋಡೆಗೆ ಬಡಿದು ನಿಲ್ಲಿಸಿದವನೂ ಅವನೇ. ಪ್ರಾರ್ಥಿಸೋಣವೆಂದು ಕಣ್ಣುಮುಚ್ಚಿದ. ಆದರೆ ಈ ಮನೆಯಲ್ಲಿ ಕೇಳಿಕೊಂಡದ್ದು ಆಗುವುದು ಯಾರ ಕೈಯಲ್ಲಿ ಎನ್ನುವುದು ಅವನಿಗಿಂತ ಚೆನ್ನಾಗಿ ಇನ್ನಾರಿಗೆ ಗೊತ್ತು? ಕಣ್ಣು ತೆರೆದು, ಹಲಗೆಯನ್ನು ಗೆಣ್ಣಿನಿಂದ ಮೆಲ್ಲಗೆ ತಟ್ಟಿದ.

"ಅತ್ತೇ..."

ಆಚೆ ಮಾತು ಗಕ್ಕನೆ ನಿಂತಿತು. ಕಂಡಕ್ಟರ್ ಮಾವ ಕೆಮ್ಮಿದರು. ಯಾರೋ ಅವರಿಗೆ "ಶ್" ಎಂದರು.

"ಅತ್ತೇ, ನಂಗೆ ಏಳೋಕಾಗ್ತಿಲ್ಲ. ಆ ಮುಲಾಮು ಸ್ವಲ್ಪ ಇಲ್ಲಿ ತಂದ್ಕೊಡ್ತೀರಾ?"