ಅಳಿಯನ ವಿವರಣೆಸಹಿತ ಮೂಕಿ ಚಿತ್ರ

ಎಪ್ಪತ್ತರ ದಶಕದ ಕೊನೆಗೆ ನಾನು ಬಾಗಲಕೋಟೆಯ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಒಂದು ದಿನ ಇತಿಹಾಸದ ಪ್ರಾಧ್ಯಾಪಕರು, "ಹಾಲಿವುಡ್ಡಿನ ಆ ಹಳೇ ಮೂಕಿ ಚಿತ್ರಕ್ಕ ಈಗ ಯಾರೂ ನಗಂಗಿಲ್ರಿ. ನಗಿ ಅಂದ್ರ ಚುರಮರಿ ಇದ್ದಂಗ, ಗಾಳಿಗಿಟ್ರ ಮೆತ್ತಗಾಗತೈತಿ" ಎಂದರು.

ನನಗೆ ರೋಷ ಬಂತು. ಇಳಕಲ್ಲಿನಲ್ಲಿರುವ ನನ್ನ ಮಾವನ ಮನೆಯಲ್ಲಿ ತೋರಿಸಿ ಸಾಬೀತು ಮಾಡುತ್ತೇನೆ ಎಂದುಬಿಟ್ಟೆ. ಅಲ್ಲಿ ಯಾರೂ ಅಂಥ ಚಿತ್ರ ನೋಡಿದವರಲ್ಲ. ಪರೀಕ್ಷೆಗೆ ಅವರಿಗಿಂತ ಯೋಗ್ಯರು ಇನ್ನೆಲ್ಲಿ?

ಗೆಳೆಯನೊಬ್ಬನಿಂದ ಪ್ರೊಜೆಕ್ಟರನ್ನೂ ಇಪ್ಪತ್ತು ನಿಮಿಷದ ಒಂದು ರೀಲನ್ನೂ ತಂದೆ. ಯಂತ್ರ ನಡೆಸುವುದು ನನ್ನ ಹೆಂಡತಿ ಗಿರಿಜಾಗೆ ಗೊತ್ತಿತ್ತು; ಅವಳು ಸಾಲಿಯಲ್ಲಿ ವಿಜ್ಞಾನ ಕಲಿಸುವವಳು. ಭಾನುವಾರ ಮಧ್ಯಾಹ್ನ ಪಡಸಾಲೆಯ ಕಿಟಕಿಗಳಿಗೆಲ್ಲ ಕೌದಿ ಕಟ್ಟಿ ಕತ್ತಲೆ ಮಾಡಿದೆವು. ಗೋಡೆಗೆ ಪರದೆಯಾಗಿ ಮಾವನ ಧೋತರ. ಮನೆಯವರು, ನೆರೆಯವರು ಸೇರಿ ಇಪ್ಪತ್ತು ಜನ ಬೆವರುತ್ತ ಕೂತರು.

"ನೀವು ಸುಮ್ನ ಕೂಡ್ರಿ, ಅವರು ನೋಡ್ತಾರ" ಎಂದಳು ಗಿರಿಜಾ.

ಆದರೆ ಹಿನ್ನೆಲೆ ತಿಳಿಯದೆ ಕಲೆಯನ್ನು ಸವಿಯುವುದು ಹೇಗೆ? ಧೋತರದ ಪಕ್ಕದಲ್ಲಿ ಕೋಲು ಹಿಡಿದು ನಿಂತೆ.

ಚಿತ್ರ ಸುರುವಾಯಿತು. ಹಮಾಲನೊಬ್ಬ ಪೊಲೀಸರಿಂದ ತಪ್ಪಿಸಿಕೊಂಡು ಓಡುತ್ತಿದ್ದ. ಗಿರಿಜಾಳ ಅಜ್ಜಿಯನ್ನು ಎಲ್ಲರೂ ಆಯಿ ಎನ್ನುತ್ತಾರೆ. ಆಯಿ ಕೇಳಿದಳು, "ಇವರ್ಯಾಕ ಹಿಂಗ ಗಡಬಡಿ ಮಾಡ್ತಾರ? ಬಸ್ ತಪ್ಪತೈತೇನು?"

ಯಾರೋ ಕಿಸಕ್ಕೆಂದರು. ನಾನು ಚಿತ್ರ ನಿಲ್ಲಿಸಲು ಹೇಳಿ, ಹಳೆಯ ಕ್ಯಾಮೆರಾದ ವೇಗ ಮತ್ತು ಈಗಿನ ಯಂತ್ರದ ವೇಗ ಕುರಿತು ಹತ್ತು ನಿಮಿಷ ವಿವರಿಸಿದೆ. ಕಿಸಕ್ಕೆಂದವರು ಗಂಭೀರರಾದರು.

ಮುಂದೆ ಹಮಾಲ ಏಣಿ ಹೊತ್ತು ತಿರುಗುವ ದೃಶ್ಯ. "ಈಗ ನೋಡ್ರಿ, ಏಣಿ ಹಿಂದಿದ್ದವನ ತಲಿಗೆ ಬಡೀತೈತಿ" ಎಂದೆ. ಬಡಿಯಿತು. "ಹೌದು, ಬಡೀತು" ಎಂದರು ಮಾವ, ಸಾಕ್ಷಿ ಹೇಳಿದಂತೆ. ಆಮೇಲೆ ಕೆನೆ ತುಂಬಿದ ಕಡುಬನ್ನು ಒಬ್ಬ ಇನ್ನೊಬ್ಬನ ಮುಖಕ್ಕೆ ಎಸೆದ. ಅದು ನಮ್ಮ ಹೋಳಿಗೆಯಂತೆ ಹಬ್ಬದ ತಿನಿಸು ಎಂದು ತಿಳಿಸಿದೆ.

"ಹೋಳಿಗಿ ಒಗೀತಾರಾ?" ಆಯಿ ಎದ್ದು ಕೂತಳು. "ಮನ್ಯಾಗ ಹೇಳವರು ಕೇಳವರು ಯಾರೂ ಇಲ್ಲೇನು ಅವರಿಗೆ?"

ಪಡಸಾಲೆಯಲ್ಲಿ ಶೋಕಸಭೆಯ ಮೌನ. ಆದರೆ ಮೂಲೆಯಲ್ಲಿ ಒಬ್ಬರು ಮಾತ್ರ ಮೊದಲಿನಿಂದಲೂ ಹೊಟ್ಟೆ ಹಿಡಿದು ನಗುತ್ತಿದ್ದರು. ಗಿರಿಜಾಳ ದೊಡ್ಡಪ್ಪ. ನನಗೆ ಜೀವ ಬಂತು. ಒಬ್ಬ ರಸಿಕನಾದರೂ ಸಿಕ್ಕ. ಚಿತ್ರ ಮುಗಿದ ಕೂಡಲೇ ಅವರ ಹತ್ತಿರ ಹೋಗಿ, ಯಾವ ಗುಣ ಹಿಡಿಸಿತು ಎಂದು ಕೇಳಿದೆ. ಅವರು ನನ್ನನ್ನೇ ನೋಡುತ್ತ ಮುಗುಳ್ನಕ್ಕರು. ಮತ್ತೆ ಕೇಳಿದೆ.

"ಜೋರಾಗಿ ಕೇಳ್ರಿ" ಎಂದಳು ಗಿರಿಜಾ. "ದೊಡ್ಡಪ್ಪಗ ಎರಡು ವರ್ಷಾತು, ಕಿವಿ ಕೇಳಂಗಿಲ್ಲ."

ಕಿವಿಯ ಬಳಿ ಕೂಗಿದೆ. ಅವರು ಕಣ್ಣೊರೆಸಿಕೊಂಡು, "ಭಾಳ ಚಲೋ ಐತ್ರಿ ಸಿನಿಮಾ. ನಡುನಡುವ ನೀವು ಬಾಯಿ ಆಡಿಸ್ತಿದ್ರಿ, ಹಾಡೇನ್ರಿ ಅದು?" ಎಂದರು.

ಗಿರಿಜಾ ರೀಲು ಹಿಂದಕ್ಕೆ ಸುತ್ತಿದಳು. "ಇನ್ನೊಮ್ಮೆ ಹಾಕ್ತೇನಿ. ನೀವು ಹೊರಗ ಕಟ್ಟಿ ಮ್ಯಾಲ ಕೂಡ್ರಿ."

ಕೂತೆ. ಕೌದಿಯಾಚೆಯಿಂದ ಮೊದಲ ನಗೆ ಕೇಳಿತು, ಬೆನ್ನಿಗೇ ಇನ್ನೊಂದು. ಏಣಿಯ ಹೊತ್ತಿಗಂತೂ ಮಾವ ಕೆಮ್ಮುವಷ್ಟು ನಕ್ಕರು. ಕಡುಬು ಎಸೆದಾಗ ಮಾತ್ರ ನಗೆ ನಿಂತಿತು. "ಮತ್ತ ಹೋಳಿಗಿ ಒಗದ್ರು ನೋಡ್ರಿ!" ಎಂಬ ಆಯಿಯ ದನಿ ಕೇಳಿತು. ಸಂತೋಷಪಡಬೇಕೋ ಅವಮಾನಪಡಬೇಕೋ ತಿಳಿಯದೆ ನಾನೊಬ್ಬನೇ ಬಿಸಿಲಲ್ಲಿ ಕೂತಿದ್ದೆ.

ಎರಡು ವಾರದ ಮೇಲೆ ಮಾವನ ಕಾರ್ಡು ಬಂತು: "ಕಮತಗಿಯ ಬೀಗರು ಬರುವವರಿದ್ದಾರೆ. ಸಿನಿಮಾ ನೋಡಬೇಕೆನ್ನುತ್ತಾರೆ. ಯಂತ್ರವನ್ನು ಗಿರಿಜಾಳ ಸಂಗಡ ಕಳಿಸಿ. ಕೆಲಸ ಬಿಟ್ಟು ತಾವು ತೊಂದರೆ ತೆಗೆದುಕೊಳ್ಳುವ ಕಾರಣವಿಲ್ಲ."