ಜಾಡಿಯ ಬಳೆ

ಇಷ್ಟಕ್ಕೂ ಕಾರಣ ಕಡಲೆಕಾಳಿನಷ್ಟು ಹತ್ತಿಯ ಚೆಂಡು.

ಅಮೆರಿಕದ ಬಫಲೋ ಊರಿನ ನಮ್ಮ ಬೀದಿಗೆಲ್ಲ ಇದ್ದದ್ದು ಒಂದೇ ಕರೆಂಟಿನ ಫುಟ್‌ಬಾಲ್ ಮಣೆ, ರೂಡಿಯ ಮನೆಯ ನೆಲಮಾಳಿಗೆಯಲ್ಲಿ. ನಮ್ಮಲ್ಲಿ ಫುಟ್‌ಬಾಲ್ ಅಂದರೆ ಚೆಂಡನ್ನು ಕೈಯಲ್ಲಿ ಎಸೆದು ಹಿಡಿಯುವ ಆಟ. ಗುಂಡಿ ಒತ್ತಿದರೆ ತಗಡಿನ ಮೈದಾನ ಗುಂಯ್ ಎಂದು ನಡುಗುತ್ತಿತ್ತು. ಹೆಬ್ಬೆರಳುದ್ದದ ಪ್ಲಾಸ್ಟಿಕ್ ಆಟಗಾರರು ದಾರಿ ತಪ್ಪಿದ ಕುರಿಗಳ ಹಾಗೆ ಕಂಡಕಡೆ ನುಗ್ಗುತ್ತಿದ್ದರು. ಚೆಂಡು ಎಸೆಯಬೇಕಾದರೆ ಕರೆಂಟು ನಿಲ್ಲಿಸಿ, ಸ್ಪ್ರಿಂಗಿನ ಕೈಯಿರುವ ಆಟಗಾರನಿಂದ ಹತ್ತಿಯನ್ನು ಚಿಮ್ಮಿಸಬೇಕು. ಅದು ನಮ್ಮ ಕಡೆಯವನಿಗೆ ತಗುಲಿದರೆ ಅವನು ಹಿಡಿದ ಹಾಗೆ. ತಗುಲಿದ್ದನ್ನು ಕಂಡವರು ಯಾರೂ ಇರಲಿಲ್ಲ.

ಅದಕ್ಕೇ ರೂಡಿ ಒಂದು ನಿಯಮ ಮಾಡಿದ್ದ. ಹತ್ತಿರ ಬಿದ್ದರೂ ಸಾಕು. ಯಾವುದು ಹತ್ತಿರ ಅನ್ನುವುದನ್ನು ಮಣೆಯ ಯಜಮಾನ ಹೇಳಬೇಕು. ಹೀಗಾಗಿ ಪಕ್ಕದ ಮನೆಯ ನಾರ್ಬರ್ಟ್ ಆ ಚಳಿಗಾಲದಲ್ಲಿ ಒಂದಾಟವನ್ನೂ ಗೆದ್ದಿರಲಿಲ್ಲ. ಒಂದೇ ಒಂದು ಸಲ ಗೆಲ್ಲಬೇಕೆಂದು ಪಾಪ, ಅವನ ಜೀವ ಹಾತೊರೆಯುತ್ತಿತ್ತು.

ಆ ಶನಿವಾರ ಅವನು ಅಮ್ಮನ ಹುಳಿ ಎಲೆಕೋಸಿನ ಜಾಡಿಯಿಂದ ಮುಚ್ಚಳ ಬಿಗಿಯುವ ತಗಡಿನ ಬಳೆಯನ್ನು ಎಗರಿಸಿಕೊಂಡು ಬಂದ. ಅವನ ಹೊಸ ನಿಯಮ ಇಷ್ಟೇ: ಚೆಂಡು ಬಿದ್ದಮೇಲೆ ಆಟಗಾರನ ಸುತ್ತ ಬಳೆ ಇಡುವುದು. ಚೆಂಡು ಪೂರ್ತಿ ಒಳಗಿದ್ದರೆ ಹಿಡಿತ, ಒಂದೆಳೆ ಹೊರಗಿದ್ದರೂ ಇಲ್ಲ. ಇಬ್ಬರಿಗೂ ಒಂದೇ ಬಳೆ.

ವಾಸನೆ ಹೊಡೆಯುತ್ತದೆಂದು ರೂಡಿ ತಕರಾರು ತೆಗೆದ. ಅವನ ಅಕ್ಕ ಲೊರೆಟಾ ಉಗುರಿಗೆ ಬಣ್ಣ ಹಚ್ಚುವುದನ್ನು ಬಿಟ್ಟು ಬಳೆ ತೊಳೆದುಕೊಟ್ಟಳು. ಕೂಲಿಯೆಂಬಂತೆ ಪಂಚಾಯ್ತಿಗೂ ಕೂತಳು. ನಾರ್ಬರ್ಟ್ ಎಸೆದಾಗ ರೂಡಿ ಮೆಲ್ಲಗೆ ಉಫ್ ಎಂದು ಊದಿದ. ಎಸೆಯುವಾಗ ಇಬ್ಬರೂ ಉಸಿರು ಬಿಗಿಹಿಡಿಯಬೇಕೆಂದು ಅವಳು ತೀರ್ಪು ಕೊಟ್ಟಳು. ರಾತ್ರಿಪಾಳಿ ಮುಗಿಸಿ ಮಲಗಿದ್ದ ರೂಡಿಯ ಅಪ್ಪ ಮೇಲಿಂದ ನೆಲ ಗುದ್ದಿದಾಗ, ಜಗಳವೂ ಪಿಸುಮಾತಿನಲ್ಲೇ ನಡೆಯಬೇಕೆಂದಾಯಿತು. ಅಷ್ಟರಲ್ಲಿ ನಾರ್ಬರ್ಟನ ಅಮ್ಮ ಬಂದರು. ಬಳೆಯಿಲ್ಲದ ಜಾಡಿ ಉರುಳಿ, ಇಸ್ತ್ರಿ ಮಾಡಿಟ್ಟ ಚರ್ಚಿನ ಬಟ್ಟೆಯೆಲ್ಲ ಹುಳಿನೀರಾಗಿತ್ತು. ಮಗನ ಕಿವಿ ಹಿಂಡಿದರು. ಆಮೇಲೆ, ಗೆಲ್ಲುವವರು ಯಾರೆಂದು ನೋಡಲು ಮೆಟ್ಟಿಲ ಮೇಲೆ ಕೂತರು.

ಕೊನೆಯ ಎಸೆತ. ಹಿಡಿತ ಸಿಕ್ಕರೆ ನಾರ್ಬರ್ಟನ ಗೆಲುವು. ಎಲ್ಲರೂ ಉಸಿರು ಬಿಗಿಹಿಡಿದರು. ಹತ್ತಿ ಹಾರಿ ಅವನ ಆಟಗಾರನ ಕಾಲ ಬಳಿಯೇ ಬಿತ್ತು. ಲೊರೆಟಾ ಬಳೆ ಇಟ್ಟಳು.

"ಸಿಕ್ತು ಕಣೋ," ಅಂದ ರೂಡಿ, ಮುಖ ಸಣ್ಣದು ಮಾಡಿಕೊಂಡು. "ಗೆದ್ದೆ ನೀನು."

ಆದರೆ ನಾರ್ಬರ್ಟ್ ನಿಂತ ಕಡೆಯಿಂದ ಬೇರೆಯೇ ಕಾಣುತ್ತಿತ್ತು. ಬಳೆಯ ಅಂಚಿನಡಿಯಿಂದ ಹತ್ತಿಯ ಎಳೆಯೊಂದು ಹೊರಗೆ ಚಾಚಿತ್ತು. ಅದನ್ನು ನೋಡಿದವನು ಅವನೊಬ್ಬನೇ. ಸುಮ್ಮನಿದ್ದರೆ ಆಗಿತ್ತು. ಆದರೆ ಸುಮ್ಮನಿದ್ದರೆ, ಇಷ್ಟು ದಿನ ರೂಡಿ ಮಾಡಿದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ?

"ಒಂದೆಳೆ ಹೊರಗಿದೆ," ಅಂದ. ಅಂದಮೇಲೆ ಅವನಿಗೇ ಅಳು ಬಂತು.

ಅಮ್ಮ ಕಣ್ಣೊರೆಸಿಕೊಂಡರು. ರೂಡಿ ನಿಜಕ್ಕೂ ಕರಗಿಹೋದ. ಇಂಥ ನ್ಯಾಯವಂತ ಬೀದಿಯಲ್ಲೇ ಇನ್ನೊಬ್ಬನಿಲ್ಲ, ಇನ್ನು ಮೇಲೆ ಈ ಮಣೆಯ ಮೇಲೆ ಯಾರೇ ಆಡಲಿ, ತೀರ್ಪು ನಾರ್ಬರ್ಟನದೇ ಎಂದು ಸಾರಿದ. ಲೊರೆಟಾ ಸದ್ದಾಗದಂತೆ ಚಪ್ಪಾಳೆ ತಟ್ಟಿದಳು.

ನಾರ್ಬರ್ಟ್ ಮೂಗೊರೆಸಿಕೊಂಡ. "ಹಾಗಾದ್ರೆ ನಾನು ಆಡೋದು ಯಾವಾಗ?"

ರೂಡಿ ಅವನ ಹೆಗಲ ಮೇಲೆ ಪ್ರೀತಿಯಿಂದ ಕೈಹಾಕಿದ.

"ನೀನೂ ಆಡೋಕೆ ನಿಂತ್ರೆ, ನ್ಯಾಯ ಹೇಳೋರು ಯಾರೋ?"