ಏಳನೆಯ ಚೀಲ

ಗೆಳೆಯ ಸತ್ತರೆ ಅಳಬೇಕು. ಅವನ ಕೆಲಸವನ್ನು ಹೆಗಲಿಗೆ ಏರಿಸಿಕೊಳ್ಳಬಾರದು. ಈ ವಿವೇಕ ನನಗೆ ತಡವಾಗಿ ಬಂತು.

ದಾನಿಯೇಲ ಮಿಶನ್ ದವಾಖಾನೆಯಲ್ಲಿ ಕಂಪೌಂಡರ್. ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆ್ಯಕ್ಷನ್ ಆದ ಆ ಚಳಿಗಾಲ ಬೀದರಿನಲ್ಲಿ ದುಡಿಯುವವರಿಲ್ಲದ ಮನೆಗಳು ಬಹಳ. ಅವನೂ ಅಬ್ದುಲ ಅಜೀಜ ಮಾಸ್ತರರೂ ಸೇರಿ ಹಿಡಿಜೋಳದ ಮಂಡಳಿ ಕಟ್ಟಿದರು. ಬೀಸುವ ಮೊದಲು ಪ್ರತಿ ಮನೆಯವರೂ ಒಂದು ಹಿಡಿ ಜೋಳ ಬೇರೆ ಗಡಿಗೆಯಲ್ಲಿ ಹಾಕಬೇಕು. ವಾರಕ್ಕೊಮ್ಮೆ ಮಂಡಳಿಯವರು ಅದನ್ನು ಕೂಡಿಸಿ ಇಲ್ಲದವರಿಗೆ ಮುಟ್ಟಿಸಬೇಕು. ಯಾರ ಮನೆಗೆ ಹೋಯಿತೆಂಬುದು ಹೊತ್ತವನಿಗೆ ಮಾತ್ರ ಗೊತ್ತು. ಅವನು ಹೆಂಡತಿಗೂ ಬಾಯಿ ಬಿಡುವಂತಿಲ್ಲ.

ನಮ್ಮ ಮನೆಯ ಹಿಡಿಯನ್ನು ನಾನೇ ಹಾಕುತ್ತಿದ್ದೆ. (ದಾನಶೂರತ್ವವನ್ನು ಹೆಂಗಸರ ಕೈಗೆ ಬಿಡಬಾರದು.)

"ಅದು ಹಿಡಿ ಏನ್ರಿ, ಮೊರಾನೋ?" ಎಂದಳು ನನ್ನ ಹೆಂಡತಿ ಅನುಸೂಯಾಬಾಯಿ. "ವಕೀಲ್ ಸಾಹೇಬ್ರು ಊರು ಬಿಟ್ಟು ನಿಮ್ಮ ಗುಮಾಸ್ತಗಿರಿ ಹೋಗಿ ಐದು ತಿಂಗಳಾತು. ಜೋಳ ಎಲ್ಲಿಂದ ಬರ್ತದ ಅಂತ ಒಂದಿನರೆ ಕೇಳೀರೇನು?"

"ಎಲ್ಲಿಂದ ಬರ್ತದ?"

"ಚಿಂತಾಕಿಯಿಂದ. ನಮ್ಮ ಮನ್ಮಥಪ್ಪಣ್ಣ ಕಳಸ್ತಾನ."

ಭಾವಮೈದುನನ ಜೋಳ ಎಂದಮೇಲೆ ನನ್ನ ಹಿಡಿ ಇನ್ನಷ್ಟು ಧಾರಾಳವಾಯಿತು.

ಮೂರೇ ದಿನದ ಜ್ವರಕ್ಕೆ ದಾನಿಯೇಲ ಹೋಗಿಬಿಟ್ಟ. ಭಾಲ್ಕಿಯಲ್ಲಿ ಅವನ ತಂದೆಯ ಪಕ್ಕದಲ್ಲಿ ಮಣ್ಣು ಮಾಡಿ ಬಂದೆವು. ಅಂದಿನಿಂದ ನನಗೆ ಸಂಜೆ ಕೂರಲು ಜಾಗವಿರಲಿಲ್ಲ. ಎಂಟನೆಯ ದಿನ ಅಜೀಜ ಮಾಸ್ತರರ ಮುಂದೆ ನಿಂತು ಘನಗಂಭೀರವಾಗಿ ಹೇಳಿದೆ: "ಅವನ ಚೀಲ ನಾ ಹೊರ್ತೇನ್ರಿ."

ಮಾಸ್ತರರು ಅವನ ನೋಟುಬುಕ್ಕು ಕೊಟ್ಟರು. ಅದರಲ್ಲಿ ಹೆಸರುಗಳಿಲ್ಲ, ಬರೀ ದಾರಿಗಳು. "ಇವು ಯಾರ ಮನಿ ಅಂತ ನನಗೂ ಗೊತ್ತಿಲ್ಲ ಶಿವರಾಜಪ್ಪ. ಬಾಗಿಲಾಗ ಇಡು, ಮಾತಾಡಬ್ಯಾಡ, ಬಂದುಬಿಡು."

ಆರು ಚೀಲ ಮುಟ್ಟಿಸುವಷ್ಟರಲ್ಲಿ ಬೆನ್ನು ಬಿಲ್ಲಾಯಿತು. ಏಳನೆಯ ದಾರಿ ಹೀಗಿತ್ತು: 'ಚಿದ್ರಿ. ಸೇದುಬಾವಿಯಿಂದ ಹೆಂಗಸರ ಓಣಿ. ಬೇವಿನ ಗಿಡ ದಾಟಿ ಮೂರನೆಯ ಹಿಂಬಾಗಿಲು. ಮಧ್ಯಾಹ್ನ, ಯಜಮಾನ ಇಲ್ಲದಾಗ.'

ಚಿದ್ರಿಯವನೇ ಆದರೂ ಆ ಓಣಿಯನ್ನು ನಾನು ಕಂಡವನಲ್ಲ; ಅಲ್ಲಿ ಗಂಡಸರು ಕಾಲಿಡುವ ವಾಡಿಕೆಯಿಲ್ಲ. ಔಷಧ ಹಿಡಿದ ಕಂಪೌಂಡರನಿಗೆ ಮಾತ್ರ ರಿಯಾಯಿತಿ. ಕಂಬಳಿ ಮುಸುಕು ಹಾಕಿಕೊಂಡು ನುಗ್ಗಿದೆ. ಮೂರನೆಯ ಬಾಗಿಲಿನ ಹಲಗೆ ಒಡೆದಿತ್ತು, ಗೋಡೆ ಬಾಗಿತ್ತು. ಇಂಥ ಮನೆಗೂ ಒಬ್ಬ ಯಜಮಾನ! ಅವನ ಸೋಮಾರಿತನವನ್ನು ಮನಸ್ಸಿನಲ್ಲೇ ಶಪಿಸುತ್ತ ಚೀಲ ಇಳಿಸಿದೆ.

ಬಾಗಿಲ ಹಿಂದಿನಿಂದ ಮೆಲ್ಲಗೆ ದನಿ ಬಂತು.

"ದಾನಿಯೇಲಣ್ಣ ಹೋದ ಮ್ಯಾಲ ಇನ್ನ ಯಾರೂ ಬರಂಗಿಲ್ಲ ಅಂದ್ಕೊಂಡಿದ್ದೆ. ನೀವು ಯಾರಾದರೂ ಆಗ್ರಿ ಅಣ್ಣಾ, ನಮ್ಮ ಮನಿಯವರಿಗೆ ಮಾತ್ರ ಗೊತ್ತಾಗಬಾರದು. ಗೊತ್ತಾದ್ರ ಅವರು ಉಣ್ಣೂದೇ ಬಿಡ್ತಾರ."

ಹದಿನೆಂಟು ವರ್ಷ ದಿನವೂ ಬೈಸಿಕೊಂಡ ದನಿ ಅದು. ಇಷ್ಟು ಮೆತ್ತಗಾಗಿ ಅದನ್ನು ನಾನು ಕೇಳಿರಲಿಲ್ಲ.

ಐದು ತಿಂಗಳು ದಾನಿಯೇಲ ಪ್ರತಿ ಸಂಜೆ ನನ್ನೆದುರು ಕುಳಿತಿದ್ದ. ಅವನು ತಂದ ಜೋಳದಿಂದಲೇ ಮೊರದಂಥ ಹಿಡಿ ತೆಗೆದು ದಾನ ಕೊಟ್ಟೆನೆಂದು ನಾನು ಬೀಗುವಾಗ, "ಭಾರಿ ಮನಸ್ಸು ಲೇ ನಿಂದು" ಎನ್ನುತ್ತಿದ್ದ. ಒಮ್ಮೆಯೂ ನಕ್ಕಿರಲಿಲ್ಲ. ಈಗ ಜಗಳ ತೆಗೆಯೋಣವೆಂದರೆ ಅವನಿಲ್ಲ.

ಮಾತಾಡುವಂತಿರಲಿಲ್ಲ. ಊರೆಲ್ಲ ಸುತ್ತಿ ಮುಂಬಾಗಿಲಿನಿಂದ ಒಳಗೆ ಬಂದೆ. ಅನುಸೂಯಾಬಾಯಿ ಬಿಸಿ ರೊಟ್ಟಿ ಬಡಿಸಿದಳು.

"ಅಣ್ಣ ಜೋಳ ಕಳಿಸ್ಯಾನ್ರಿ."

"ಮನ್ಮಥಪ್ಪ ದೊಡ್ಡ ಮನುಷ್ಯ," ಎಂದೆ.

"ಮತ್ತ? ನೀವೂ ಇದ್ದೀರಿ! ಒಂದಿನರೆ ಚೀಲ ಹೊತ್ತು ನೋಡ್ರಿ, ಆವಾಗ ತಿಳೀತದ, ಮನಿಗೆ ಜೋಳ ತರೂದು ಅಂದ್ರ ಏನಂತ."

ಹೌದೆಂದು ತಲೆಯಾಡಿಸಿ, ಎಡಗೈಯಿಂದ ಹೆಗಲು ತಿಕ್ಕಿಕೊಳ್ಳುತ್ತ, ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.